ಬರೀ ಗಾಜು

ನರ್ಸಿನ ಕನ್ನಡಕ ಮೂಗಿನ ಮೇಲೆ ಓರೆಯಾಗಿ ಕೂತಿರುವುದು ಗಂಡನ ಕಣ್ಣಿಗೆ ಬಿತ್ತು. ಇನ್ನು ಮುಗಿಯಿತು ಎಂದುಕೊಂಡಳು ಅವಳು. ಬೆನ್ನ ಹಿಂದೆ ದಾರ ಕಟ್ಟುವ ಆಸ್ಪತ್ರೆಯ ನಿಲುವಂಗಿ ತೊಟ್ಟು, ಬೆಳಗಿನಿಂದ ಒಂದು ಗುಟುಕು ನೀರೂ ಇಲ್ಲದೆ ಗಾಲಿಕುರ್ಚಿಯಲ್ಲಿ ಕೂತವಳು ಅವಳು; ಲಿವರಿನ ತುಂಬ ಗಡ್ಡೆ ಇಟ್ಟುಕೊಂಡವಳು ಅವಳು. ಆದರೆ ಆ ಕೋಣೆಯಲ್ಲಿ ಈಗ ಸರಿಯಾಗಬೇಕಾದದ್ದು ನರ್ಸಿನ ಕನ್ನಡಕ. "ಒಂದ್ನಿಮಿಷ ಕೊಡಿ ಸಿಸ್ಟರ್, ಬಲಗಡೆ ಕಡ್ಡಿ ಎದ್ದಿದೆ" ಎಂದು ಅವನು ಕೈ ಚಾಚಿಯೇಬಿಟ್ಟ. ನರ್ಸು ಬೇಡ ಬೇಡ ಅನ್ನುತ್ತಲೇ ತೆಗೆದುಕೊಟ್ಟಳು. ಅವನು ಕಡ್ಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ಬಿಸಿ ಮಾಡಿದ, ಒಂದಿಷ್ಟು ಬಗ್ಗಿಸಿದ, ಗಾಜಿಗೆ ಉಸಿರು ಊದಿ ಅಂಗಿಯ ತುದಿಯಲ್ಲಿ ಒರೆಸಿದ, ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ನರ್ಸು ಹಾಕಿಕೊಂಡು ತಲೆ ಅಲ್ಲಾಡಿಸಿ, "ಅಯ್ಯೋ, ಎಷ್ಟು ಹಗುರ ಆಯ್ತು! ನೀವು ಡಾಕ್ಟರಾ ಸರ್?" ಎಂದಳು. "ಡಾಕ್ಟರಲ್ಲ, ಆದರೆ ಕಣ್ಣಿನ ಲೈನಲ್ಲೇ ಇರೋದು ನಾವೂ" ಎಂದ ಅವನು. ಆ 'ನಾವೂ' ಅನ್ನುವಾಗ ಕತ್ತು ಒಂದು ಬದಿಗೆ ವಾಲುತ್ತದೆ, ಅದು ಅವಳಿಗೆ ಗೊತ್ತು. ಬೀದಿಯಲ್ಲಿ ಜನ ಅವನನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಾರೆ. ಕನ್ನಡಕದ ಅಂಗಡಿಯವನನ್ನು ಡಾಕ್ಟರು ಮಾಡಿದರೆ ಹತ್ತು ಪೈಸೆ ಕಡಿಮೆ ಮಾಡುತ್ತಾನೆಂದು ಅವರ ಲೆಕ್ಕ. ಇಷ್ಟು ವರ್ಷದಲ್ಲಿ ಅವನು ಒಬ್ಬರನ್ನೂ ತಿದ್ದಿಲ್ಲ.

ಮನಸ್ಸಿನಲ್ಲಿ ಅವನು ಯಾವತ್ತೂ ಏಕವಚನ. ಬಾಯಿಗೆ ಬರುವಾಗ ಮಾತ್ರ 'ರೀ', 'ನೀವು', 'ಏನಂದ್ರಿ'. ಮದುವೆಯಾದ ದಿನದಿಂದ ಮನಸ್ಸಿಗೂ ನಾಲಿಗೆಗೂ ನಡುವೆ ಅವಳು ಈ ಬಾಗಿಲು ಕಾಯುತ್ತಾ ಬಂದಿದ್ದಾಳೆ, ಒಂದು ಸಲವೂ ತಪ್ಪಿಲ್ಲ. ಇದಕ್ಕೆ ಯಾರೂ ಒಂದು ಶಭಾಸ್ ಅಂದದ್ದಿಲ್ಲ. ಕುರ್ಚಿಯ ಹಿಡಿಕೆ ತಣ್ಣಗಿತ್ತು. ಗಂಟಲು ಒಣಗಿತ್ತು. ಅವನು ಬಂದು ಪಕ್ಕ ಕೂತು, "ದಿಂಬು ಬೆನ್ನಿಗೆ ಇಡ್ಲಾ, ಸೊಂಟಕ್ಕಾ? ಮೊದಲು ಇಟ್ಟಿದ್ದು ಚೆನ್ನಾಗಿತ್ತಾ, ಇದಾ?" ಎಂದ. ಅವನ ಬಾಯಿಂದ ಬರುವ ಪ್ರಶ್ನೆಯೆಲ್ಲ ಹೀಗೇ. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸಿ, ಮೊದಲಿನದು ಚೆನ್ನಾಗಿತ್ತಾ ಇದಾ ಎಂದು ಕೇಳಿ ಕೇಳಿ, ಮನೆಯಲ್ಲಿ ಸಾರಿನ ಉಪ್ಪಿಗೂ ಅದೇ, ಪರದೆಯ ಬಟ್ಟೆಗೂ ಅದೇ. ಮಗಳು ಚಿಕ್ಕವಳಿದ್ದಾಗ ಎರಡು ಕೆನ್ನೆಗೂ ಮುತ್ತು ಕೊಟ್ಟು ಹಾಗೇ ಕೇಳುತ್ತಿದ್ದ, ಅವಳು ಕಿಲಕಿಲ ನಗುತ್ತಿದ್ದಳು. ಆಗ ಇವಳೂ ನಕ್ಕಿದ್ದಾಳೆ. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಮಗಳು ಬೆಳಿಗ್ಗೆ ಫೋನ್ ಮಾಡಿದ್ದಳು. ಬಸುರಿ, ಬರುವ ಹಾಗಿಲ್ಲ. ಚಿಕಿತ್ಸೆಯಾದ ಮೇಲೆ ಕೆಲವು ದಿನ ಅಮ್ಮನ ಹತ್ತಿರ ಸುಳಿಯುವ ಹಾಗೂ ಇಲ್ಲ. ಅಮ್ಮನ ಒಳಗೆ ವಿಕಿರಣ ಇರುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಅದಕ್ಕೇ ಅವಳ ದನಿಯಲ್ಲಿ ಅಳುವಿತ್ತು. "ಅಮ್ಮಾ, ಅಪ್ಪನ ಮೇಲೆ ರೇಗಬೇಡ. ನೀನು ಮಾತಾಡದೆ ಕೂತ್ಕೊಂಡ್ರೆ ಅವರಿಗೆ ಕೈಕಾಲೇ ಆಡಲ್ಲ. ಏನೇ ಇದ್ರೂ ಹೊಟ್ಟೆಗೆ ಹಾಕ್ಕೊಂಬಿಡಮ್ಮ" ಎಂದಳು. ಆಯ್ತು ಕಣೇ ಎಂದು ಫೋನ್ ಇಟ್ಟಳು. ಹೊಟ್ಟೆಗೆ ಹಾಕಿಕೋ! ಅವಳಿಗೆ ಗಟ್ಟಿಯಾಗಿ ನಗು ಬಂದಿತ್ತು, ಬಚ್ಚಲಿಗೆ ಹೋಗಿ ನಕ್ಕಳು. ತಪ್ಪು ಮಾಡಿದವನು ತಪ್ಪು ಮಾಡಿ ಕೈ ತೊಳೆದುಕೊಳ್ಳಬೇಕು, ಅದನ್ನು ಹೆಂಗಸೊಬ್ಬಳು ಹೊಟ್ಟೆಗೆ ಹಾಕಿಕೊಳ್ಳಬೇಕು. ತಲೆಗಲ್ಲ, ಕೈಗಲ್ಲ, ಹೊಟ್ಟೆಗೆ. ಅತ್ತೆಯೂ ಸಾಯುವ ಮುಂಚೆ ಅದೇ ಅಂದರು: ಏನೇನೋ ಅಂದಿದೀನಿ, ಹೊಟ್ಟೆಗೆ ಹಾಕ್ಕೋ ತಾಯಿ. ಹಾಕಿಕೊಂಡಳು. ಕಳೆದ ತಿಂಗಳು ದೊಡ್ಡ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿ, "ನೋಡಿ, ಕಣ್ಣಲ್ಲಿದ್ದ ಕ್ಯಾನ್ಸರ್ ರಕ್ತದಲ್ಲಿ ಬಂದು ಲಿವರಲ್ಲಿ ಕೂತಿದೆ. ಕಣ್ಣು ತೆಗೆದು ಎಷ್ಟೋ ವರ್ಷ ಆದ್ಮೇಲೂ ಹೀಗೆ ಬರೋದುಂಟು" ಎಂದು ಬೆರಳಿಟ್ಟು ತೋರಿಸುತ್ತಿದ್ದಾಗ, ಅವಳಿಗೆ ಆ ಕಪ್ಪು ಚುಕ್ಕೆಗಳು ಒಂದೊಂದೂ ಗುರುತು ಸಿಕ್ಕ ಹಾಗಿತ್ತು. ಇದು ಅತ್ತೆಯದು. ಇದು, ನೆಂಟರೆದುರಿಗೆ 'ಇವಳಿಗೇನು ಗೊತ್ತು, ಗಾಜು ಉಜ್ಜೋಳು' ಎಂದು ಅವನು ನಕ್ಕದ್ದು. ಇದು ಅವಳ ಅಪ್ಪ ಸತ್ತಾಗ, ಅಂಗಡಿ ಬಿಡೋಕಾಗಲ್ಲ ಎಂದು ಸಾಯಂಕಾಲ ಬಂದು ಮುಖ ತೋರಿಸಿದ್ದು. ಅಂಚಿನಲ್ಲಿರುವ ಆ ದೊಡ್ಡದು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರು ಮಾತ್ರ ಅದನ್ನು ಲಿವರಿನ 'ಸೆಗ್ಮೆಂಟ್ ಸೆವೆನ್ದು' ಎಂದರು.

ಬಾಗಿಲು ತಳ್ಳಿಕೊಂಡು ಒಬ್ಬಳು ಕಿರಿಯ ಡಾಕ್ಟರು ಬಂದಳು. ಮಗಳ ವಯಸ್ಸಿನವಳು, ಪಾದಕ್ಕೆ ರಬ್ಬರ್ ಚಪ್ಪಲಿ. ಮಾತ್ರೆ, ಅಲರ್ಜಿ, ಹಳೆಯ ಆಪರೇಷನ್ನು ಎಂದು ಒಂದೊಂದಾಗಿ ಕೇಳುತ್ತಾ ಹೋದಳು. ಇವಳು ಬಾಯಿ ತೆರೆಯುವುದರೊಳಗೆ ಅವನು ಉತ್ತರ ಕೊಡುತ್ತಿದ್ದ, ತರಗತಿಯಲ್ಲಿ ಪಕ್ಕದವನ ಪ್ರಶ್ನೆಗೂ ಕೈ ಎತ್ತುವ ಹುಡುಗನ ಹಾಗೆ. "ಕಣ್ಣಿಂದು ಮೊದಲು ಗೊತ್ತಾಗಿದ್ದು ಹೇಗೆ?" ಎಂದಳು ಕಿರಿಯ ಡಾಕ್ಟರು, ತಲೆ ಎತ್ತದೆ. "ನಾನೇ ಹಿಡಿದಿದ್ದು" ಎಂದ ಅವನು. ಎಷ್ಟು ಸಲೀಸಾಗಿ ಎಂದರೆ, ಒಂದು ಕ್ಷಣ ಅವಳಿಗೇ ಹೌದೇನೋ ಅನ್ನಿಸಿತು. "ನಮ್ಮ ಲೈನೇ ಇದಲ್ವಾ ಡಾಕ್ಟರ್, ಒಂದು ಕಣ್ಣಲ್ಲಿ ಏನೋ ಸರಿಯಿಲ್ಲ ಅಂತ ನನಗೆ ಅನ್ನಿಸ್ತು. ಹಾಗಾಗಿ ಬೇಗ ಸಿಕ್ಕಿತು." ಕಿರಿಯ ಡಾಕ್ಟರು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿ, "ಅದೃಷ್ಟ ನಿಮ್ಮದು" ಎಂದಳು ಇವಳಿಗೆ.

ಅದೃಷ್ಟ. ಈ ಮಾತನ್ನು ಅವನು ಬೇರೆ ಕಡೆಯೂ ಆಡಿದ್ದಾನೆ. ನೆಂಟರ ಮನೆಯಲ್ಲಿ, ಅಂಗಡಿಯ ಮುಂದೆ, ಬಸ್ಸಿನಲ್ಲಿ ಗುರುತಿಲ್ಲದವರ ಹತ್ತಿರ. ಆಗೆಲ್ಲ ಅವಳು ಕಿಟಕಿಯ ಕಡೆ ನೋಡಿದ್ದಾಳೆ. ಆದರೆ ಇಲ್ಲಿ, ಅವಳ ಬೆನ್ನು ಬರಿದಾಗಿರುವ ಈ ಕೋಣೆಯಲ್ಲಿ, ಅವಳ ಮುಖದೆದುರಿಗೇ, ಅವಳ ಕಾಯಿಲೆಯ ಚರಿತ್ರೆಯೊಳಗೇ ಅದನ್ನು ಬರೆಸುತ್ತಿದ್ದಾನೆ. ಇವತ್ತು ಬಿಡಬಾರದು ಎಂದುಕೊಂಡಳು. ಒಂದು ಮಾತು, ಒಂದೇ ಮಾತು ಅವನ ಬಾಯಿಂದ ಬರಬೇಕು. ಅದು ಬಾರದೆ ಸತ್ತರೆ, ಅವಳು ಸತ್ತಮೇಲೂ ಅವನು ಅದನ್ನೇ ಹೇಳಿಕೊಂಡು ತಿರುಗುತ್ತಾನೆ: ನಾನೇ ಹಿಡಿದಿದ್ದು, ಪಾಪ, ಆದರೂ ಉಳೀಲಿಲ್ಲ. ಜನ ಅವನ ಕೈ ಹಿಡಿದು ತಲೆಯಾಡಿಸುತ್ತಾರೆ. "ಡಾಕ್ಟರ್..." ಎಂದು ಬಾಯಿ ತೆರೆದಳು. "ಹೇಳಿ" ಎಂದಳು ಕಿರಿಯ ಡಾಕ್ಟರು, ಮತ್ತೆ, "ಹಾಂ, ಮರೆತೆ, ಆ ಬಲಗಡೆ ಕಣ್ಣು ತೆಗೆದಿಡಬೇಕಾಗತ್ತೆ. ಹಲ್ಲು, ಕಣ್ಣು, ಉಂಗುರ ಏನೂ ಇರಬಾರದು." ಮಾತು ಅಲ್ಲೇ ಸತ್ತಿತು. ಎಲ್ಲರೆದುರಿಗೆ, ಗೋಡೆಯ ಕಡೆ ತಿರುಗುವುದಕ್ಕೂ ಜಾಗವಿಲ್ಲದ ಕುರ್ಚಿಯಲ್ಲಿ, ತಲೆ ತಗ್ಗಿಸಿ, ಕೆಳರೆಪ್ಪೆಯನ್ನು ಎಳೆದು ಕಣ್ಣನ್ನು ಅಂಗೈಗೆ ಬೀಳಿಸಿಕೊಂಡಳು. ಜನ ಅದನ್ನು ಗಾಜಿನ ಕಣ್ಣು ಅನ್ನುತ್ತಾರೆ. ಅದು ಗಾಜಲ್ಲ, ಪ್ಲಾಸ್ಟಿಕ್ಕು. ಗಾಜು ಯಾವುದು ಅಲ್ಲ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಪುಟ್ಟ ಡಬ್ಬಿ ಹಿಡಿದು ಸಿದ್ಧನಾಗಿದ್ದ. ಅದರಲ್ಲಿಟ್ಟು, ಮುಚ್ಚಳ ತಿರುಗಿಸಿ, ಅಂಗಿಯ ಜೇಬಿಗೆ ಇಳಿಬಿಟ್ಟ. ಬರಿದಾದ ರೆಪ್ಪೆ ಒಳಕ್ಕೆ ಕುಸಿದಿತ್ತು. ಕಿರಿಯ ಡಾಕ್ಟರು ಬೇಗ ಬೇಗ ಬರೆದುಕೊಂಡು ಹೋದಳು.

ಗಾಲಿಕುರ್ಚಿಯಿಂದ ಗಾಲಿಮಂಚಕ್ಕೆ ಬದಲಾಯಿಸಿ ಓಣಿಯಲ್ಲಿ ತಳ್ಳಿಕೊಂಡು ಹೋದರು. ಮೇಲಿನ ದೀಪಗಳು ಒಂದರ ಹಿಂದೆ ಒಂದು ಬಂದು ಹಿಂದಕ್ಕೆ ಹೋದವು. ಬಲಗಡೆಯಿಂದ ಬಂದದ್ದೇನೂ ಗೊತ್ತಾಗುವುದಿಲ್ಲ. ಗೋಡೆ ಎಲ್ಲಿ ತಾಗುತ್ತದೋ ಎಂದು ಮೊಣಕೈ ಒಳಕ್ಕೆಳೆದುಕೊಳ್ಳುವುದು ಅಭ್ಯಾಸವಾಗಿಹೋಗಿದೆ. ಆಗಲೂ ಶುರುವಾದದ್ದು ಬಲಗಡೆಯಿಂದಲೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾ ಕೂತಿದ್ದಾಗ ಮೂಲೆಯಲ್ಲಿ ಯಾರೋ ಬಂದು ನಿಂತ ಹಾಗೆ. ತಿರುಗಿದರೆ ಯಾರೂ ಇಲ್ಲ. ಆಮೇಲೆ ಆ ಯಾರೋ ಹೋಗಲೇ ಇಲ್ಲ. ರೀ, ಬಲಗಣ್ಣಲ್ಲಿ ಏನೋ ಮಸುಕು, ಮೂಲೇಲಿ ನೆರಳು ಕೂತ ಹಾಗಿದೆ. ಪವರ್ ಬದಲಾಗಿರತ್ತೆ ಬಾ, ನೋಡ್ತೀನಿ. ಚೌಕಟ್ಟು ಏರಿಸಿದ, ಗಾಜು ಬದಲಿಸಿದ, ಮೊದಲಿನದಾ ಇದಾ, ಮೊದಲಿನದಾ ಇದಾ. ಹೊಸ ಕನ್ನಡಕ ಬಂತು. ಕೆಲವು ತಿಂಗಳಿಗೆ ಮತ್ತೆ ಹೇಳಿದಳು. ಮತ್ತೆ ಚೌಕಟ್ಟು, ಮತ್ತೆ ಹೊಸ ಕನ್ನಡಕ. ಕಣ್ಣಿನ ಆಸ್ಪತ್ರೆಗೆ ಹೋಗಿ ಬರ್ಲಾ ಎಂದು ಒಮ್ಮೆ ಕೇಳಿದ್ದಳು. ಅದಕ್ಕೆ ಅವನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಕನ್ನಡಕದ ಅಂಗಡಿಯವನ ಹೆಂಡತಿ ಕಣ್ಣು ತೋರಿಸೋಕೆ ಆಸ್ಪತ್ರೆ ಮುಂದೆ ನಿಂತಿದ್ಲು ಅಂದ್ರೆ ಜನ ನಮ್ಮ ಅಂಗಡಿಗೆ ಬರೋದು ಯಾಕೆ?" ಎಂದು ನಕ್ಕು, ಅವಳ ಕೆನ್ನೆ ತಟ್ಟಿದ. ಅವಳು ಸುಮ್ಮನಾದಳು. ಈಗ ಯೋಚಿಸಿದರೆ ತಟ್ಟಿದ ಆ ಕೈಯನ್ನು ಕಚ್ಚಬೇಕಿತ್ತು ಅನ್ನಿಸುತ್ತದೆ.

ಚಿಕಿತ್ಸೆಯ ಕೋಣೆ ಕೊರೆಯುವಷ್ಟು ತಣ್ಣಗಿತ್ತು. ಸೀಸದ ದಪ್ಪ ಮೇಲಂಗಿ ಹಾಕಿಕೊಂಡವರು ಆ ಕಡೆಯಿಂದ ಈ ಕಡೆಗೆ ಭಾರವಾಗಿ ನಡೆಯುತ್ತಿದ್ದರು. ದೊಡ್ಡ ಡಾಕ್ಟರು ತಲೆಯ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. "ಆವತ್ತು ಮಾಡಿದ್ದು ಟ್ರಯಲ್ ಅಮ್ಮಾ, ದಾರಿ ಸರಿ ಇದೆಯಾ, ಬೇರೆ ಕಡೆ ಸೋರತ್ತಾ ಅಂತ ನೋಡಿದ್ವಿ. ಇವತ್ತು ನಿಜವಾದದ್ದು. ತೊಡೆ ಸಂದಿಯಿಂದ ಸಣ್ಣ ನಳಿಗೆ ಏರಿಸಿ ಲಿವರಿನ ರಕ್ತನಾಳಕ್ಕೆ ಹೋಗ್ತೀವಿ. ಲಿವರಿಗೆ ಊಟ ಎರಡು ದಾರೀಲಿ ಬರತ್ತೆ. ಗಡ್ಡೆಗಳು ಹೆಚ್ಚುಕಡಿಮೆ ಒಂದೇ ದಾರೀಲಿ ಉಣ್ಣೋದು. ಆ ದಾರೀಲೇ ವಿಕಿರಣ ತುಂಬಿದ ಮಣಿ ಬಿಡ್ತೀವಿ. ಅವು ಹೋಗಿ ಗಡ್ಡೆ ಬಾಯಲ್ಲಿ ಕೂತು ಒಳಗಿಂದಲೇ ಸುಡ್ತವೆ. ಪೂರ್ತಿ ವಾಸಿ ಆಗತ್ತೆ ಅಂತ ನಾನು ಹೇಳಲ್ಲ, ಅದು ನಿಮಗೆ ಗೊತ್ತಿದೆ. ಬೆಳೆಯೋದನ್ನ ತಡೀಬಹುದು, ಟೈಮ್ ಸಿಗಬಹುದು." ಅವಳು ಕೇಳಿದಳು: "ಎಂಥ ಮಣಿ?" "ಗಾಜಿಂದು. ಕೂದಲೆಳೆಗಿಂತ ಸಣ್ಣದು." "ಗಾಜಾ?" "ಹೂಂ, ಗಾಜೇ. ಸ್ವಲ್ಪ ದಿನ ಉರಿದು ಆರಿಹೋಗತ್ತೆ." "ಆಮೇಲೆ?" "ಆಮೇಲೆ ಬರೀ ಗಾಜು. ಅಲ್ಲೇ ಇರತ್ತೆ, ಏನೂ ಮಾಡಲ್ಲ." ಅವಳ ಗಂಟಲಿನಿಂದ ಹೊರಟ ಸದ್ದನ್ನು ಡಾಕ್ಟರು ಅಳು ಎಂದುಕೊಂಡು ಭುಜ ತಟ್ಟಿದರು.

ಬರೀ ಗಾಜು. ತೋಳಿನ ಸೂಜಿಯೊಳಗೆ ತಣ್ಣನೆಯದೇನೋ ಹರಿಯಿತು, ನಾಲಿಗೆ ಭಾರವಾಯಿತು, ಆದರೆ ನಿದ್ದೆ ಬರಲಿಲ್ಲ. ಬರುವುದಿಲ್ಲ, ಅರೆ ಎಚ್ಚರದಲ್ಲೇ ಇರುತ್ತೀರಿ ಎಂದು ಮೊದಲೇ ಹೇಳಿದ್ದರು. ತೊಡೆಯ ಸಂದಿಯಲ್ಲಿ ಯಾರೋ ಒತ್ತಿದರು. ಪರದೆಯ ಮೇಲೆ ಬೂದುಬಣ್ಣದ ಕೊಂಬೆಗಳು ಮೂಡಿ ಮಾಯವಾದವು. ಮೂರನೆಯ ಸಲ ಅವನು ಚೌಕಟ್ಟು ಏರಿಸಿದ್ದು ಸಾಯಂಕಾಲ, ಅಂಗಡಿ ತುಂಬ ಜನ. ಬೆಂಚಿನ ಮೇಲೆ ಒಬ್ಬ ಮೇಷ್ಟ್ರು, ಒಬ್ಬ ದರ್ಜಿ, ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. ಅವನ ಹಣೆಯಲ್ಲಿ ಬೆವರಿತ್ತು. ಒಂದು ಗಾಜು ತೆಗೆದ, ಇನ್ನೊಂದು ಹಾಕಿದ. "ಈಗ?" ಮಸುಕು ಹಾಗೇ ಇತ್ತು, ನೆರಳು ಹಾಗೇ ಇತ್ತು, ಗೋಡೆಯ ಮೇಲಿನ ಅಕ್ಷರಗಳಲ್ಲಿ ಅರ್ಧ ಇರಲೇ ಇಲ್ಲ. "ಈಗ ಹೇಗಿದೆ ಹೇಳು" ಎಂದ, ದನಿಯಲ್ಲಿ ಒಂದು ಬಗೆಯ ಅಂಗಲಾಚಿಕೆ ಇತ್ತು. ಬೆಂಚಿನ ಮೇಲಿನವರೆಲ್ಲ ಡಾಕ್ಟ್ರ ಹೆಂಡತಿ ಏನು ಹೇಳುತ್ತಾಳೋ ಎಂದು ನೋಡುತ್ತಿದ್ದರು. "ಈಗ ಚೆನ್ನಾಗಿ ಕಾಣತ್ತೆ" ಎಂದಳು. ಅಕ್ಷರಗಳನ್ನು ಓದಿಯೂ ತೋರಿಸಿದಳು. ಎಷ್ಟೋ ವರ್ಷದಿಂದ ಅದೇ ಹಲಗೆ, ಕೆಳಗಿನ ಸಾಲಿನವರೆಗೂ ಬಾಯಿಪಾಠ. ಯಾಕೆ ಹೇಳಿದಳು? ಅವನ ಮಾನ ಉಳಿಯಲಿ ಎಂದೇ? ಅವನ ಮಾನಕ್ಕೂ ಅವಳ ಕಣ್ಣಿಗೂ ಆವತ್ತು ತಕ್ಕಡಿಯಲ್ಲಿ ಅವಳೇ ಕೈಯಾರೆ ತೂಕ ಹಾಕಿದಳು. ಅದನ್ನು ನೆನೆದರೆ ಅವನ ಮೇಲಿನ ಸಿಟ್ಟು ಸರ್ರನೆ ತಿರುಗಿ ತನ್ನ ಮುಖಕ್ಕೇ ಬಡಿಯುತ್ತದೆ. ಅವಳಿಗೆ ಅದನ್ನು ಸಹಿಸಲಾಗುವುದಿಲ್ಲ, ಮತ್ತೆ ಅವನ ಕಡೆಗೇ ತಿರುಗಿಸುತ್ತಾಳೆ.

ಏಕೆಂದರೆ ಮಾರನೆಯ ದಿನ ಅದೇ ಗಾಜು ಉಜ್ಜುವುದಕ್ಕೆ ಅವಳ ಮೇಜಿಗೆ ಬಂತು. ಗುಂಡಗಿನ ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ, ಹಿಂದಿನ ಕೋಣೆ, ನೀರು ತೊಟ್ಟಿಕ್ಕುವ ಯಂತ್ರ, ಮೊಣಕೈವರೆಗೆ ಬಿಳಿ ಕೆಸರು. ಉಜ್ಜುವ ಮೊದಲು ಗಾಜನ್ನು ಕೈಯಲ್ಲಿ ದೂರ ಹಿಡಿದು ಬಾಗಿಲ ಚೌಕಟ್ಟಿನ ಗೆರೆಯನ್ನು ಅದರೊಳಗಿಂದ ನೋಡಿ ಆಚೆ ಈಚೆ ಆಡಿಸುವುದು ರೂಢಿ. ಪವರ್ ಇರುವ ಗಾಜಾದರೆ ಗೆರೆ ಕದಲುತ್ತದೆ. ಒಂದು ಬಗೆಯ ಗಾಜಿಗೆ ಕೈಯ ಜೊತೆಗೆ, ಇನ್ನೊಂದಕ್ಕೆ ಕೈಗೆ ಎದುರಾಗಿ. ಎಡಗಣ್ಣಿನ ಗಾಜಿಗೆ ಕದಲಿತು. ಬಲಗಣ್ಣಿನದಕ್ಕೆ ಕದಲಲಿಲ್ಲ. ಇನ್ನೊಮ್ಮೆ ಆಡಿಸಿದಳು. ಗೆರೆ ನೆಟ್ಟ ಹಾಗೇ ನಿಂತಿತ್ತು. ಕಿಟಕಿ ಗಾಜಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ನಿಧಾನವಾಗಿ ಅರ್ಥವಾಯಿತು: ನಿನ್ನೆ ಅವನು ಪರೀಕ್ಷೆ ಮಾಡಿದ್ದು ಅವಳ ಕಣ್ಣನ್ನಲ್ಲ, ಅವಳನ್ನು. ಸುಳ್ಳು ದೂರು ಹೇಳುವ ಶಾಲೆಯ ಮಕ್ಕಳಿಗೆ ಅವನು ಮಾಡುವ ಉಪಾಯವೇ ಅದು. ಹೊಸ ಪವರ್ ಅಂತ ಬರೀ ಗಾಜು ಹಾಕುವುದು, ಚೆನ್ನಾಗಿ ಕಾಣತ್ತೆ ಅಂದರೆ ಕಿವಿ ಹಿಂಡಿ ಕಳಿಸುವುದು. ಅವಳನ್ನು ಆ ಸಾಲಿಗೆ ಸೇರಿಸಿದ್ದ. ಕಿವಿ ಹಿಂಡುವ ಧೈರ್ಯ ಮಾತ್ರ ಇರಲಿಲ್ಲ.

ಆಗ ಎದ್ದು ಹೋಗಿ ಆ ಗಾಜನ್ನು ಅವನ ಮುಖದ ಮುಂದೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಯಂತ್ರ ಹಾಕಿದಳು, ಉಜ್ಜಿದಳು, ಅಂಚು ಎಷ್ಟು ನುಣುಪು ಮಾಡಿದಳೆಂದರೆ ಅವಳ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಇನ್ನೊಂದು ಗಾಜು ಉಜ್ಜಿರಲಿಲ್ಲ. ಕೂರಿಸಿ ಹಾಕಿಕೊಂಡಳು. ನೋಡೋಣ, ಇವನಾಗಿ ಯಾವಾಗ ಹೇಳುತ್ತಾನೋ ನೋಡೋಣ. ಊಟಕ್ಕೆ ಕೂತಾಗ ಅದನ್ನು ಹಾಕಿಕೊಂಡೇ ಅವನ ಎದುರು ಕೂತಳು. ಮಲಗುವಾಗ ಅವನ ದಿಂಬಿನ ಪಕ್ಕವೇ ತೆಗೆದಿಟ್ಟಳು. ಬೇಕೆಂದೇ "ಈ ಕನ್ನಡಕ ಬಂದ್ಮೇಲೆ ತಲೆನೋವೂ ಹೋಯ್ತು ನೋಡಿ" ಎಂದಳು. ಅವನು "ಹೇಳಿರಲಿಲ್ವಾ?" ಎಂದ. ಒಬ್ಬರ ಬಾಯಿಂದ ಇನ್ನೊಬ್ಬರು ನಿಜ ಕಸಿದುಕೊಳ್ಳಲು ಹೊರಟ ಆ ಆಟದಲ್ಲಿ ಬೇಸಿಗೆ ಕಳೆಯಿತು, ಚಳಿಗಾಲ ಬಂತು. ಬಲಗಡೆಯ ನೆರಳು ಅರ್ಧ ಲೋಕ ನುಂಗಿತು. ಒಂದು ದಿನ ತೆರೆದಿದ್ದ ಕಪಾಟಿನ ಬಾಗಿಲಿಗೆ ನೇರವಾಗಿ ನಡೆದುಹೋಗಿ ಹಣೆ ಒಡೆದುಕೊಂಡಳು. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಮಗಳು ರಕ್ತ ಒರೆಸುತ್ತಾ, "ಅಮ್ಮಾ, ಇಷ್ಟು ದೊಡ್ಡ ಬಾಗಿಲು ಕಾಣ್ಲಿಲ್ವಾ ನಿಂಗೆ?" ಎಂದಳು, ಎಡಗಣ್ಣು ಮುಚ್ಚಿ ಬೆರಳು ತೋರಿಸಿದಳು, ಬಿಳಿಚಿಕೊಂಡಳು, ಅಪ್ಪನಿಗೆ ಹೇಳದೆ ಆಟೋ ಹತ್ತಿಸಿದಳು. ಆಸ್ಪತ್ರೆಯವರು ಕೇಳಿದ ಮೊದಲ ಮಾತು: ಇಷ್ಟು ದಿನ ಏನು ಮಾಡ್ತಿದ್ರಿ? ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಗೊತ್ತಾಗಲಿಲ್ಲ" ಎಂದಳು.

"ಈಗ ಬಿಡ್ತಾ ಇದೀವಿ ಅಮ್ಮಾ" ಎಂದರು ಯಾರೋ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದಲ್ಲಿ ದಪ್ಪ ಪಾರದರ್ಶಕ ಪೆಟ್ಟಿಗೆಯೊಳಗೆ ಒಂದು ಪುಟ್ಟ ಸೀಸೆ, ಅದರಿಂದ ಅವಳ ಕಡೆಗೆ ಬರುವ ದಾರದಂಥ ಕೊಳವೆ. ಡಾಕ್ಟರು ಸಿರಿಂಜು ಒತ್ತಿದರು. ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಒಳಗೆ ಬೆಚ್ಚಗೆ, ಆಮೇಲೆ ಬೆಚ್ಚಗಿರುವುದಕ್ಕಿಂತ ಹೆಚ್ಚಾಗಿ ಏನೋ ಒತ್ತಿಕೊಂಡು ಹರಡಿತು. ಸುಡು, ಎಂದುಕೊಂಡಳು. ಅತ್ತೆಯದನ್ನು ಸುಡು. ಅಪ್ಪ ಸತ್ತ ದಿನದ್ದನ್ನು ಸುಡು. ಆ ದೊಡ್ಡದಕ್ಕೆ ಬಂದಾಗ ಮಾತ್ರ ಅವಳಿಗೆ ದಿಗಿಲಾಯಿತು. ಅದನ್ನು ಸುಟ್ಟುಬಿಟ್ಟರೆ ಅವನ ಮುಂದೆ ಹಿಡಿಯುವುದಕ್ಕೆ ಅವಳ ಹತ್ತಿರ ಏನಿರುತ್ತದೆ? ಬದುಕಬೇಕು ಎಂಬ ಆಸೆಗಿಂತ ಗೆಲ್ಲಬೇಕು ಎಂಬ ಹಟ ಮುಂದೆ ಬಂದು ನಿಂತದ್ದನ್ನು ಕಂಡು, ಅರೆ ಎಚ್ಚರದಲ್ಲೂ ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಥೂ, ಎಂದುಕೊಂಡಳು. ಹಾಗೆ ಅಂದುಕೊಂಡರೂ ಸಿಟ್ಟು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

ವಾರ್ಡಿನ ಕೋಣೆಯಲ್ಲಿ ಅಂಗಾತ ಮಲಗಿಸಿದರು. ಬಲಗಾಲು ಮಡಿಸುವ ಹಾಗಿಲ್ಲ. ಕನ್ನಡಕ ಸರಿಮಾಡಿಸಿಕೊಂಡ ಅದೇ ನರ್ಸು ಬಂದು, ಸರ್ ಎಂದು ಕರೆದು, ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಕೊಟ್ಟಳು. "ನೀವು ಅಲ್ಲೇ ಕೂತ್ಕೊಳ್ಳಿ ಸರ್. ತುಂಬ ಹತ್ತಿರ ಹೆಚ್ಚು ಹೊತ್ತು ಇರೋದು ಬೇಡ. ಮನೆಗೆ ಹೋದ್ಮೇಲೂ ಒಂದು ವಾರ ಬೇರೆ ಬೇರೆ ಮಲಗಿ. ಚಿಕ್ಕ ಮಕ್ಕಳು, ಬಸುರಿಯರು ಹತ್ತಿರ ಬರಬಾರದು." ಅವನು ವಿಧೇಯನಾಗಿ ತಲೆ ಆಡಿಸಿದ. ಕೈ ಜೇಬಿನ ಮೇಲಿತ್ತು. ಡಬ್ಬಿ ಇದೆಯಾ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೆಳಗಿನಿಂದ ಅವನೂ ಏನೂ ತಿಂದಿರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅದು ಗೊತ್ತಾದದ್ದಕ್ಕೂ ಅವಳಿಗೆ ಸಿಟ್ಟು ಬಂತು.

"ನೋವಿದೆಯಾ?" ಎಂದ, ನರ್ಸು ಹೋದ ಮೇಲೆ.

"ಇಲ್ಲ."

"ಹೊಟ್ಟೇಲಿ ಉರಿ ಗಿರಿ?"

"ಇದೆ. ಅದು ಹಳೇದು."

ಅವನು ನಗಲು ನೋಡಿದ. ನಗು ಬರಲಿಲ್ಲ. ಅವಳು ಚಾವಣಿಯ ಕಡೆ ನೋಡುತ್ತಾ ಕೇಳಿದಳು: "ರೀ, ಬೆಳಿಗ್ಗೆ ಆ ಹುಡುಗಿ ಡಾಕ್ಟರಿಗೆ ಏನಂದ್ರಿ?"

"ಯಾವುದು?"

"ನಾನೇ ಹಿಡಿದಿದ್ದು ಅಂದ್ರಲ್ಲ."

"ಅಯ್ಯೋ, ಏನೋ ಮಾತಿಗೆ ಅಂದೆ. ಈಗ ಅದೆಲ್ಲ ಯಾಕೆ, ಸುಮ್ನೆ ಮಲಕ್ಕೋ."

"ಯಾರು ಹಿಡಿದಿದ್ದು?"

ಓಣಿಯಲ್ಲಿ ಯಾವುದೋ ಗಾಲಿ ಕಿರುಗುಟ್ಟುತ್ತಾ ಹೋಯಿತು. "ಮಗಳು" ಎಂದ ಕೊನೆಗೆ.

"ನೀವೇನು ಮಾಡಿದ್ರಿ?"

ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಎರಡು ಕೈಯನ್ನೂ ಮೊಣಕಾಲ ನಡುವೆ ಸಿಕ್ಕಿಸಿಕೊಂಡ. ಹತ್ತಿರ ಕೂತಿದ್ದರೆ ಅವಳ ಕೈ ಹಿಡಿದು ಮಾತು ತೇಲಿಸಿಬಿಡುತ್ತಿದ್ದ. ಹೊದಿಕೆ ಸರಿಮಾಡುತ್ತಿದ್ದ, ನೀರು ಬೇಕಾ ಅನ್ನುತ್ತಿದ್ದ. ಇವತ್ತು ಅಷ್ಟು ದೂರದಿಂದ ಮಾಡುವುದಕ್ಕೆ ಅವನಿಗೆ ಬೇರೆ ಕೆಲಸವಿರಲಿಲ್ಲ. "ಮೂರನೇ ಸಲ ನಿನಗೆ ಹಾಕಿದ್ನಲ್ಲ" ಎಂದ, ನೆಲ ನೋಡುತ್ತಾ. "ಅದು ಪವರ್ ಗಾಜಲ್ಲ ಕಣೇ. ಬರೀ ಗಾಜು. ಅದಕ್ಕೂ ನೀನು ಚೆನ್ನಾಗಿ ಕಾಣತ್ತೆ ಅಂದೆ. ಬರೀ ಗಾಜಲ್ಲಿ ಚೆನ್ನಾಗಿ ಕಾಣತ್ತೆ ಅಂದ್ರೆ ಕಣ್ಣಲ್ಲೇನೂ ಇಲ್ಲ, ಎಲ್ಲಾ ತಲೇಲಿರೋದು ಅಂದ್ಕೊಂಡೆ. ಅದನ್ನೇ ಕಟ್ಟಿಕೊಟ್ಟೆ. ಆಮೇಲೆ ಹಿಂಗಾಯ್ತು. ಹೇಳೋಣ ಹೇಳೋಣ ಅಂತ... ಹೇಳೋಕಾಗ್ಲಿಲ್ಲ."

ಬಂತು. ಇಷ್ಟು ವರ್ಷ ಕಾದ ಮಾತು ಬಂದು ಕೋಣೆಯ ನಡುವೆ ಬಿತ್ತು. ಈ ಗಳಿಗೆಯನ್ನು ಅವಳು ಎಷ್ಟೋ ಬಗೆಯಲ್ಲಿ ಕಟ್ಟಿಕೊಂಡಿದ್ದಳು; ಒಂದರಲ್ಲಿ ಅವನು ಕಾಲು ಹಿಡಿಯುತ್ತಿದ್ದ, ಒಂದರಲ್ಲಿ ಅವಳೇ ಕರಗಿ ಅತ್ತುಬಿಡುತ್ತಿದ್ದಳು. ಯಾವುದೂ ಆಗಲಿಲ್ಲ. ಮಾತು ಸಣ್ಣದಾಗಿತ್ತು, ಸಗಟು ಅಂಗಡಿಯಿಂದ ಚೌಕಟ್ಟು ಬಂದಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ್ದ. ಅವಳು ಕತ್ತು ಪೂರ್ತಿ ತಿರುಗಿಸಿ, ಇರುವ ಒಂದು ಕಣ್ಣಿನಿಂದ ಅವನನ್ನು ನೋಡಿದಳು. ಅವನ ಭುಜ ಇಳಿದಿತ್ತು. ಹಣೆಯ ಗೆರೆ ಸಡಿಲವಾಗಿತ್ತು. ಭಾರದ ಚೀಲವನ್ನು ಕೆಳಗಿಟ್ಟವನ ಮುಖದಲ್ಲಿ ಬರುವ ನಿರಾಳ ಅವನ ಮುಖದಲ್ಲಿ ಬರುತ್ತಿತ್ತು. ಇನ್ನೊಂದು ಗಳಿಗೆಯಲ್ಲಿ ಅವನಿಗೆ ಹಸಿವಾಗುತ್ತದೆ, ಕೆಳಗೆ ಹೋಗಿ ಕಾಫಿ ಕುಡಿಯುತ್ತಾನೆ. ಅದನ್ನು ನೋಡಿ ಅವಳ ಕೈ ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ತಪ್ಪಾಯ್ತು" ಎಂದ ಅವನು, ತಲೆ ಎತ್ತಿ. "ಹೊಟ್ಟೆಗೆ ಹಾಕ್ಕೋ."

"ಆ ಗಾಜು ಉಜ್ಜಿದ್ದು ಯಾರು?" ಎಂದಳು.

"ಯಾವ ಗಾಜು?"

"ಆ ಬರೀ ಗಾಜು. ಯಾರು ಉಜ್ಜಿದ್ದು?"

"ನೀನೇ..." ಎಂದು ಅವಳ ಕಡೆ ನೋಡಿದ.

"ಬಾಗಿಲ ಗೆರೆ ಕದಲಲಿಲ್ಲ. ಆವತ್ತೇ ಗೊತ್ತಾಯ್ತು ನಂಗೆ. ಗೊತ್ತಿದ್ದೂ ಉಜ್ಜಿದೆ, ಗೊತ್ತಿದ್ದೂ ಮೂಗಿನ ಮೇಲೆ ಏರಿಸ್ಕೊಂಡು ನಿನ್ನ ಮುಂದೆ ತಿರುಗಾಡಿದೆ. ದಿನಾ. ನೀನಾಗಿ ಹೇಳ್ತೀಯ ಅಂತ. ಕಣ್ಣು ಹೋಗ್ತಾ ಇತ್ತು, ನಾನು ಕಾಯ್ತಾ ಇದ್ದೆ."

'ನೀನು' ಎಂಬುದು ಬಾಯಿಂದ ಜಾರಿ ಹೊರಗೆ ಬಂದದ್ದು ಇಬ್ಬರಿಗೂ ಕೇಳಿಸಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇವಳೇ..." ಎಂದು ಅವನು ಎದ್ದ. ಒಂದು ಹೆಜ್ಜೆ ಇಟ್ಟ.

"ಅಲ್ಲೇ ನಿಂತ್ಕೋ. ಸಿಸ್ಟರ್ ಏನು ಹೇಳಿದ್ಲು? ಎಲ್ಲಾರದ್ದೂ ಹಾಕ್ಕೊಂಡು ಹಾಕ್ಕೊಂಡು ನನ್ನ ಹೊಟ್ಟೆ ತುಂಬಿದೆ. ಇವತ್ತು ಗಾಜೂ ತುಂಬಿದಾರೆ. ಇನ್ನು ಜಾಗ ಇಲ್ಲ. ಇದನ್ನ ನೀನು ಹಾಕ್ಕೋ."

ಅವನು ಕುರ್ಚಿಗೂ ಮಂಚಕ್ಕೂ ನಡುವೆ ನಿಂತ. ಕೈ ತಾನಾಗಿ ಜೇಬಿಗೆ ಹೋಗಿ ಡಬ್ಬಿಯನ್ನು ಹೊರಗೆ ತೆಗೆಯಿತು. ಅದನ್ನು ಅಂಗಿಯ ತುದಿಯಲ್ಲಿ ಒರೆಸಿದ, ಬೆಳಕಿಗೆ ಹಿಡಿದ, ಮತ್ತೆ ಒರೆಸಿದ. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟ. ಹೊರಗೂ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ.